ಹಗ್ಗಕ್ಕೆ ಕೈ ಹಾಕಿದವರು

ಮೊದಲೇ ಹೇಳಿಬಿಡುತ್ತೇನೆ, ಬಾಯಿ ಬಿಟ್ಟದ್ದು ನಾನು. ಬೇರೆ ಯಾರೂ ಅಲ್ಲ. ನಮ್ಮ ಕೇರಿಯ ಹೆಂಗಸರು ಈಗಲೂ ನಾನು ಎದುರು ಸಿಕ್ಕಿದರೆ ಆ ಮಾತನ್ನು ನುಂಗಿಕೊಂಡು 'ಊಟ ಆಯ್ತಾ' ಎಂದು ಕೇಳುತ್ತಾರೆ. ನುಂಗಿಕೊಂಡದ್ದು ಏನೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಚಿಕ್ಕಂದಿನಿಂದ ನನ್ನದು ಬಾಯಿ ಜಾಸ್ತಿ ಎಂದು ಅಮ್ಮ ಬೈಯುತ್ತಿದ್ದಳು. ಆ ಬಾಯಿಯ ದೆಸೆಯಿಂದಲೇ ನನಗೆ ಅಂಗನವಾಡಿ ಕೆಲಸ ಸಿಕ್ಕಿತು. ಪಂಚಾಯಿತಿಗೆ ಹೋಗುವುದಿರಲಿ, ಕರೆಂಟಿನವರಿಗೆ ಜೋರು ಮಾಡುವುದಿರಲಿ, ಕೇರಿಯವರು ನನ್ನನ್ನೇ ಮುಂದೆ ತಳ್ಳುತ್ತಿದ್ದರು. ಅದೇ ಬಾಯಿ ಅಣ್ಣಯ್ಯನ ಬಲೆಗೆ ಕುತ್ತು ತಂದಿತು.

ನಮ್ಮದು ಉಪ್ಪುಂದದಿಂದ ಸ್ವಲ್ಪ ತೆಂಕಿಗೆ, ಹೆದ್ದಾರಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಒಂದು ಕೇರಿ. ಹುಟ್ಟಿದ ಮನೆಯಿಂದ ನಾನು ಮದುವೆಯಾಗಿ ಹೋದ ಮನೆಗೆ ಮೂರು ಬೇಲಿ ದಾಟಿದರೆ ಆಯಿತು. ದಿಬ್ಬಣಕ್ಕೆ ವ್ಯಾನು ಮಾಡುವ ಖರ್ಚು ಉಳಿಯಿತೆಂದು ಅಪ್ಪಯ್ಯ ಸಾಯುವ ತನಕ ನಗಾಡುತ್ತಿದ್ದರು. ಗಂಡನ ಮನೆಯ ಕೆಲಸ ಮುಗಿಸಿ ತವರಿಗೆ ಬಂದು ಚಾ ಕುಡಿಯುವ ಅಭ್ಯಾಸ ಈ ಐವತ್ತೆರಡನೇ ವರ್ಷಕ್ಕೂ ನನಗೆ ತಪ್ಪಿಲ್ಲ. ತವರಿನಲ್ಲಿ ಈಗ ಅಣ್ಣಯ್ಯ ಮತ್ತು ಅತ್ತಿಗೆ ಇದ್ದಾರೆ. ಅಣ್ಣಯ್ಯ ಕೈರಂಪಣಿಯ ಯಜಮಾನ.

ಕೈರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ಬಲೆ. ಒಂದು ಸಣ್ಣ ದೋಣಿ ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಕಡಲಿನೊಳಗೆ ಅರ್ಧ ಸುತ್ತು ಬಲೆ ಇಳಿಸುತ್ತ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದು ಕೊಡುತ್ತದೆ. ಆಮೇಲೆ ಎರಡು ಸಾಲು ಜನ ನಿಂತು ಎಳೆಯುವುದು. ಎಳೆಯುತ್ತ ಎಳೆಯುತ್ತ ಎರಡು ಸಾಲೂ ಹತ್ತಿರ ಬರುತ್ತವೆ, ಕೊನೆಗೆ ಬಲೆಯ ಚೀಲ ಮರಳಿಗೆ ಬಂದು ಬೀಳುತ್ತದೆ. ಇಷ್ಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಬಂಗುಡೆ ಬಂದರೆ ಬಂತು, ಇಲ್ಲದಿದ್ದರೆ ನಾಲ್ಕು ಏಡಿ ಮತ್ತು ಒಂದು ರಾಶಿ ಕಸ.

ಅಣ್ಣಯ್ಯ ಪ್ರಾಯದಲ್ಲಿ ಗಂಗೊಳ್ಳಿಯ ಬೋಟುಗಳಲ್ಲಿ ದುಡಿದವನು. ಎದೆಗೆ ಸ್ಟೆಂಟ್ ಹಾಕಿದ ಮೇಲೆ ಬೋಟು ಹತ್ತಬಾರದು, ಭಾರ ಎಳೆಯಬಾರದು ಎಂದು ಡಾಕ್ಟರು ಹೇಳಿದರು. ಅವನಿಗೆ ಉಳಿದ ಕಡಲು ಇದೊಂದೇ. ಹಗ್ಗ ಎಳೆಯುವುದಿಲ್ಲ, ಮರಳು ದಿಬ್ಬದ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಾನೆ. ಎಲ್ಲಿ ನೀರು ಕಪ್ಪಾಯಿತು, ಎಲ್ಲಿ ಹಕ್ಕಿ ಇಳಿಯಿತು ಎಂದು ನೋಡಿ ದೋಣಿಯವರಿಗೆ ಕೈ ಮಾಡುತ್ತಾನೆ. ಹಗ್ಗದ ಸಾಲಿಗೆ ಕೂಗಿ ಹೇಳುತ್ತಾನೆ. ಆ ಕೆಲಸ ಇಲ್ಲದ ಮಳೆಗಾಲದ ಎರಡು ತಿಂಗಳು ಅವನು ಮನೆಯ ಚಿಟ್ಟೆಯ ಮೇಲೆ, ಅಂದರೆ ಜಗಲಿಕಟ್ಟೆಯ ಮೇಲೆ, ಕೂತು ಅತ್ತಿಗೆಯ ಜೀವ ತಿನ್ನುತ್ತಾನೆ. ಬಲೆ ಹೋದರೆ ಅಣ್ಣಯ್ಯ ಹೋದ ಎಂದು ಅತ್ತಿಗೆ ಒಮ್ಮೆ ಮೀನು ಕೊಯ್ಯುತ್ತ ನನ್ನ ಹತ್ತಿರ ಹೇಳಿದ್ದಳು. ಅವಳು ಸುಮ್ಮಸುಮ್ಮನೆ ಮಾತಾಡುವವಳಲ್ಲ.

ನಮ್ಮಲ್ಲಿ ಒಂದು ಕಟ್ಟು ಉಂಟು. ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು. ಯಾವ ಊರು, ಯಾರ ಮನೆ ಎಂದು ಕೇಳುವುದಿಲ್ಲ. ಅಂಚೆಯವನು ಸೈಕಲ್ಲು ಮರಳಿಗೆ ಒರಗಿಸಿ ಎಳೆದು ಚೀಲದಲ್ಲಿ ಬಂಗುಡೆ ತೆಗೆದುಕೊಂಡು ಹೋದದ್ದುಂಟು. ಬಸ್ಸು ತಪ್ಪಿದವರು ಬಂದು ಎಳೆದದ್ದುಂಟು. ಬಸುರಿ ಹೆಂಗಸು ಬಂದು ಬರೇ ಮುಟ್ಟಿದರೂ ಅವಳಿಗೆ ಎರಡು ಪಾಲು. ಹಗ್ಗ ಮುಟ್ಟಿದವರನ್ನು ಬರಿಗೈಯಲ್ಲಿ ಕಳಿಸಿದರೆ ಮರುದಿನ ಬಲೆಗೆ ಕಸ ಬರುತ್ತದೆ ಎಂದು ಅಣ್ಣಯ್ಯ ಮನಸಾರೆ ನಂಬಿದವನು. ಕೊನೆಯ ತನಕ ಎಳೆಯಬೇಕು ಎಂಬ ಷರತ್ತನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಎಳೆಯಲು ಬಂದವರು ನಡುವೆ ಬಿಟ್ಟು ಹೋಗುತ್ತಾರೆ ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ.

ಇನ್ನೊಂದು ಕಟ್ಟು ಯಜಮಾನನ ಕೂಗಿನದು. ಅವನು 'ಎಳಿ' ಎಂದರೆ ಎಳೆಯಬೇಕು, 'ಬಿಡಿ' ಎಂದರೆ ಎಲ್ಲರೂ ಒಟ್ಟಿಗೆ ಕೈ ಬಿಡಬೇಕು. ಬಲೆ ನೀರಿನಡಿ ಬಂಡೆಗೆ ಸಿಕ್ಕಿದಾಗ ಅರ್ಧ ಜನ ಹಿಡಿದು ಅರ್ಧ ಜನ ಬಿಟ್ಟರೆ ಬಲೆ ಹರಿಯುತ್ತದೆ. ಹಾಗಾಗಿ ಕೂಗು ಬಿದ್ದರೆ ಯಾಕೆ ಏನು ಎಂದು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಗಂಡ ಒಮ್ಮೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಲುಂಗಿ ಹಿಡಿದುಕೊಂಡಿದ್ದರು. 'ಬಿಡಿ' ಎಂದು ಕೇಳಿದ್ದೇ ಎರಡನ್ನೂ ಬಿಟ್ಟರು. ಆ ಕಥೆ ನಮ್ಮ ಕೇರಿಯಲ್ಲಿ ಯಾರ ಮದುವೆಯಾದರೂ ಒಂದು ಸಲ ಹೊರಗೆ ಬರುತ್ತದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಂಗಳೂರು ಕಡೆಯ ಗಂಡ ಹೆಂಡತಿ ಬಂದರು. ಸಣ್ಣ ಪ್ರಾಯ, ಒಳ್ಳೆಯ ಮಕ್ಕಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದೂರದಲ್ಲೇ ನಿಂತು, 'ಆಂಟಿ, ನಾವು ನೋಡಬಹುದಾ?' ಎಂದು ಕೇಳಿದರು. ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ. 'ನೋಡುವುದೆಂತ, ಕೈ ಹಾಕಿ' ಎಂದೆ. ಹುಡುಗಿ ಫೋನು ಹಿಡಿದು ನನ್ನ ಹತ್ತಿರ ಎಲ್ಲ ಕೇಳಿದಳು. ನಾನೂ ಸೆರಗು ಸರಿ ಮಾಡಿಕೊಂಡು, ಅಂಗನವಾಡಿಗೆ ಮೇಲಿನವರು ಬಂದಾಗ ಮಾತಾಡುವ ಶುದ್ಧ ಕನ್ನಡದಲ್ಲಿ ಹೇಳಿದೆ: 'ನಮ್ಮಲ್ಲಿ ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಪಾಲು ಉಂಟು. ಕಡಲು ಯಾರಪ್ಪನದ್ದೂ ಅಲ್ಲ. ನೀವೂ ಬನ್ನಿ.' ಆ ಜೋಡಿ ಪಾಪ ಕೊನೆಯ ತನಕ ಎಳೆದರು, ಅಂಗೈ ಕೆಂಪಾಗಿ ಊದಿತ್ತು. ಅಣ್ಣಯ್ಯ ತಾನೇ ಆರಿಸಿ ಹನ್ನೆರಡು ಬಂಗುಡೆ ಕೊಟ್ಟ. ಅತ್ತಿಗೆ ಹುರಿದೂ ಕೊಟ್ಟಳು.

ಆ ವಿಡಿಯೋ ಎಲ್ಲಿಂದ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಅಂಗನವಾಡಿಗೆ ಮಕ್ಕಳನ್ನು ಬಿಡಲು ಬಂದ ತಾಯಂದಿರು ಫೋನು ತೋರಿಸಿ, 'ಟೀಚರೇ, ನೀವು ಫೇಮಸ್ ಆದ್ರಿ' ಎಂದರು. ಬ್ರಹ್ಮಾವರದಲ್ಲಿರುವ ನಾದಿನಿ ಫೋನು ಮಾಡಿದಳು. ಮುಂಬೈಯಲ್ಲಿ ಹೋಟೆಲು ಇಟ್ಟುಕೊಂಡಿರುವ ಚಿಕ್ಕಪ್ಪನ ಮನೆಯವರು ಫೋನು ಮಾಡಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ಸೀರೆ ಇನ್ನೊಂದು ಉಡಬೇಕಿತ್ತು ಎಂದು ಮಾತ್ರ ಬೇಜಾರು.

ನಂತರದ ಭಾನುವಾರಗಳಲ್ಲಿ ಕಾರು ಬಂದವು. ಮೊದಲು ನಾಲ್ಕು, ಆಮೇಲೆ ಹೆದ್ದಾರಿಯ ತನಕ ಸಾಲು. ನಮ್ಮವರೇನು ಕಡಿಮೆಯೇ? ಒಬ್ಬ ಗೋಬಿ ಮಂಚೂರಿ ಗಾಡಿ ತಂದ. ಇನ್ನೊಬ್ಬ ತನ್ನ ತೋಟದಲ್ಲಿ ಪಾರ್ಕಿಂಗ್ ಎಂದು ಬೋರ್ಡು ಹಾಕಿದ. ಮುಂಬೈಯಿಂದ ವಾಪಸು ಬಂದ ನಮ್ಮ ದಾಯಾದಿ ಒಬ್ಬ ಗಾಳಿಮರಗಳ ನಡುವೆ ಮೂರು ರೂಮು ಕಟ್ಟಿಸಿದ. ಅವನ ಹೆಸರೇ ಈಗ ರೂಮಿನವ ಎಂದಾಗಿದೆ. ನಾನು ಯಾರನ್ನೂ ದೂರುವುದಿಲ್ಲ. ಮೂರು ತಿಂಗಳು ಅತ್ತಿಗೆಯೂ ಅಲ್ಲೇ ಚಾ ಮಾರಿದಳು.

ಕಷ್ಟ ಬಂದದ್ದು ಹಗ್ಗಕ್ಕೆ. ಬಂದವರು ಹಗ್ಗ ಹಿಡಿಯುವುದು, ಫೋಟೋ ತೆಗೆಸಿಕೊಳ್ಳುವುದು, ಬಿಟ್ಟು ನೀರಿಗೆ ಹೋಗಿ ಆಡುವುದು. ಚೀಲ ಮರಳಿಗೆ ಬರುವ ಹೊತ್ತಿಗೆ ಸರಿಯಾಗಿ ಬಂದು ಬಗ್ಗಿ ನಿಲ್ಲುವುದು. 'ನಮ್ಮ ಪಾಲು?' ಎಂದು ಕೇಳುವುದು. ಅಣ್ಣಯ್ಯ ಕೊಡುತ್ತಿದ್ದ. ಹಗ್ಗ ಮುಟ್ಟಿದ್ದಾರಲ್ಲ, ಇಲ್ಲ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಎರಡು ಗಂಟೆ ಬಿಸಿಲಿನಲ್ಲಿ ಎಳೆದ ನಮ್ಮ ಹೆಂಗಸರ ಬುಟ್ಟಿಗೆ ಬೀಳುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಗಾದೆಯೇ ಇದೆಯಲ್ಲ.

ಪಕ್ಕದ ಮನೆಯ ದೊಡ್ಡಮ್ಮ, ಎಪ್ಪತ್ತು ದಾಟಿದವಳು, ಈಗಲೂ ಹಗ್ಗಕ್ಕೆ ಬರುತ್ತಾಳೆ. ಒಂದು ದಿನ ಅವಳ ಬುಟ್ಟಿಯಲ್ಲಿ ಐದು ಮೀನು ಇತ್ತು. ಬುಟ್ಟಿಯನ್ನು ನನ್ನ ಮುಖದ ಹತ್ತಿರ ಹಿಡಿದು, 'ಕಾಣ್ ಹೆಣೆ, ನಿನ್ ಬಾಯಿ ನಂಗ್ ಕೊಟ್ಟದ್ ಇಷ್ಟ್' ಎಂದಳು.

ನಾನು ಸುಮ್ಮನಿರುವ ಜಾತಿಯೇ? ಮುಂದಿನ ಭಾನುವಾರ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಚೀಲದ ಹತ್ತಿರವೇ ನಿಂತೆ. ಕಪ್ಪು ಕನ್ನಡಕದವನೊಬ್ಬ ಪಾಲು ಕೇಳಲು ಬಂದ. 'ಕೊನೆಯ ತನಕ ಎಳೆದವರಿಗೆ ಮಾತ್ರ' ಎಂದೆ. ಅವನು ಸಿಟ್ಟು ಮಾಡಲಿಲ್ಲ. ನಗುತ್ತ ಫೋನು ತೆಗೆದು, ಎರಡು ಸಲ ಒತ್ತಿ, ನನ್ನ ಮುಖದ ಎದುರು ಹಿಡಿದ. ಅದರಲ್ಲಿ ನಾನೇ ಸೆರಗು ಸರಿ ಮಾಡಿಕೊಂಡು ಹೇಳುತ್ತಿದ್ದೆ, ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಪಾಲು ಉಂಟು.

'ನೀವೇ ಹೇಳಿದ್ದು ತಾನೆ ಆಂಟಿ?' ಎಂದ.

ಸುತ್ತ ನಿಂತವರು ನಕ್ಕರು. ನಮ್ಮವರೂ ನಕ್ಕರು, ಅದು ಹೆಚ್ಚು ಉರಿಯಿತು. ನನಗೆ ಬಾಯಿ ಕಟ್ಟಿದ್ದು ಜೀವಮಾನದಲ್ಲಿ ಅದೇ ಮೊದಲು. ಅಣ್ಣಯ್ಯ ಬಗ್ಗಿ ಎರಡು ಬೊಗಸೆ ಮೀನು ತೆಗೆದು ಅವನ ಚೀಲಕ್ಕೆ ಹಾಕಿದ.

ಅದೇ ದಿನ ಸಂಜೆ ನಾನೂ ಅಣ್ಣಯ್ಯನೂ ಹೆದ್ದಾರಿಯ ಕಡೆ ನಡೆದು ಹೋಗುತ್ತಿದ್ದೆವು. ಪಾರ್ಕಿಂಗ್ ತೋಟದ ಬೇಲಿಯ ಬುಡದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ನಾಯಿ ಎಳೆದು ಹರಿದಿತ್ತು. ಒಳಗೆ ಮೀನು, ಒಂದನ್ನೂ ಮುಟ್ಟದೆ ಹಾಗೇ ಇತ್ತು. ಕಾರಿನಲ್ಲಿ ವಾಸನೆ ಬರುತ್ತದೆಂದು ಎಸೆದು ಹೋಗಿದ್ದರು. ಕಪ್ಪು ಕನ್ನಡಕದವನದೇ ಇರಬೇಕು, ಅಲ್ಲದೆಯೂ ಇರಬಹುದು. ನಾನು ಬಾಯಿಗೆ ಬಂದ ಹಾಗೆ ಬೈದೆ, ಅವರ ಏಳು ತಲೆಮಾರನ್ನೂ ಬಿಡಲಿಲ್ಲ. ಅಣ್ಣಯ್ಯ ಕುಕ್ಕರಗಾಲಿನಲ್ಲಿ ಕೂತು ಕೈಯಿಂದಲೇ ಮರಳು ತೋಡಿ ಮೀನುಗಳನ್ನು ಹುಗಿದ.

'ಇನ್ನ್ ಮೇಲೆ ಕೊಡ್ಬೇಡ ಅಣ್ಣಯ್ಯ' ಎಂದೆ.

'ಹಗ್ಗ ಮುಟ್ಟಿದವ್ರಿಗೆ ಹ್ಯಾಂಗೆ ಇಲ್ಲ ಅಂಬುದ್?' ಎಂದ. 'ಅವ್ರ್ ಎಂತ ಮಾಡ್ತ್ರ್ ಅಂಬುದ್ ಅವ್ರಿಗ್ ಬಿಟ್ಟದ್.'

ಈ ಮನುಷ್ಯನ ಹತ್ತಿರ ಏನು ಮಾತಾಡುವುದು? ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಕಳೆದ ದಸರಾ ರಜೆಯ ಭಾನುವಾರ ಅದು ನಡೆಯಿತು. ಬೆಳಿಗ್ಗೆ ಎಂಟೂವರೆಗೆ ಅಣ್ಣಯ್ಯ ದಿಬ್ಬದಿಂದ ಓಡಿಕೊಂಡೇ ಮನೆಗೆ ಬಂದ. ಓಡಬಾರದು ಎಂದು ಅತ್ತಿಗೆ ಬೈದದ್ದು ಅವನ ಕಿವಿಗೆ ಬೀಳಲಿಲ್ಲ. 'ಬಂಗುಡೆ ಇತ್ತ್ ಹೆಣೆ. ನೀರ್ ಕಪ್ಪ್ ಆಯಿ ಕೂತಿತ್ತ್. ಎಲ್ರನ್ನೂ ಕರಿ' ಎಂದ. ಅಷ್ಟು ಬೆಳಗಿದ ಮುಖವನ್ನು ನಾನು ಸ್ಟೆಂಟ್ ಹಾಕಿದ ಮೇಲೆ ನೋಡಿರಲಿಲ್ಲ. ನಾನು ಕೇರಿಯ ತುಂಬ ಕೂಗುತ್ತ ಹೋದೆ. ಒಲೆಯ ಮೇಲಿನ ದೋಸೆ ಹಾಗೇ ಬಿಟ್ಟು ಹೆಂಗಸರು ಬಂದರು.

ದೋಣಿ ಹೋಗಿ ಬಲೆ ಇಳಿಸಿ ಬಂತು. ಹಗ್ಗ ಕೈಗೆ ಬಂದ ಹತ್ತು ನಿಮಿಷಕ್ಕೇ ಗೊತ್ತಾಯಿತು, ಬಲೆಯೊಳಗೆ ಭಾರ ಉಂಟೆಂದು. ಅಷ್ಟರಲ್ಲಿ ಬಂದವರೂ ಸೇರಿಕೊಂಡಿದ್ದರು. ರಜೆಯಲ್ಲವೇ, ಹಗ್ಗದ ಸಾಲಿನಲ್ಲಿ ನಮಗಿಂತ ಅವರೇ ಜಾಸ್ತಿ ಇದ್ದರು. ಒಬ್ಬರ ಕೊಡೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಆದರೂ ಆ ದಿನ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ದೊಡ್ಡಮ್ಮ ನನ್ನ ಮುಂದೆಯೇ ನಿಂತು ಎಳೆಯುತ್ತ, 'ಇವತ್ ಎಲ್ರಿಗೂ ಸಾಕಾಪಷ್ಟ್ ಬತ್ತ್' ಎಂದಳು.

ಇಪ್ಪತ್ತು ಇಪ್ಪತ್ತೆರಡು ವರ್ಷದವನೊಬ್ಬ ಸಾಲಿನ ತುದಿಗೆ, ಮೊಣಕಾಲು ನೀರಿನಲ್ಲಿ ನಿಂತಿದ್ದ. ಕಡಲಿಗೆ ಬೆನ್ನು, ಮುಖ ಗೆಳೆಯನ ಫೋನಿನ ಕಡೆಗೆ. ಎರಡೂ ಕೈ ಎತ್ತಿ ಏನೋ ತೋರಿಸಬೇಕಿತ್ತೋ ಏನೋ, ಹಗ್ಗ ಜಾರದಿರಲೆಂದು ಅದನ್ನು ಬಲಗೈಯ ಮಣಿಕಟ್ಟಿಗೆ ಮೂರು ಸುತ್ತು ಸುತ್ತಿಕೊಂಡ. ನಮ್ಮಲ್ಲಿ ಐದು ವರ್ಷದ ಮಗುವೂ ಆ ಕೆಲಸ ಮಾಡುವುದಿಲ್ಲ. ನಾನು ನೋಡಿದೆ. ನೋಡಿ ಬಾಯಿ ತೆರೆಯುವಷ್ಟರಲ್ಲಿ ದಿಬ್ಬದ ಮೇಲಿನಿಂದ ಅಣ್ಣಯ್ಯನೂ ನೋಡಿದ್ದ. ಹಿಂದಿನಿಂದ ಒಂದು ದೊಡ್ಡ ತೆರೆ ಎದ್ದಿತ್ತು.

ಅಣ್ಣಯ್ಯ ಆ ಹುಡುಗನಿಗೆ ಕೂಗಿದ. 'ಹ್ವಾಯ್, ಬಿಡಿ, ಬಿಡಿ' ಎಂದು ಕೂಗಿದ.

ನಾವೆಲ್ಲ ಕೈ ಬಿಟ್ಟೆವು.

ಯೋಚಿಸಿ ಬಿಟ್ಟದ್ದಲ್ಲ. ಆ ಕೂಗು ಕಿವಿಗೆ ಬಿದ್ದರೆ ನಮ್ಮ ಕೈ ತಾನಾಗಿ ತೆರೆದುಕೊಳ್ಳುತ್ತದೆ. ದೊಡ್ಡಮ್ಮ ಬಿಟ್ಟಳು, ನನ್ನ ಗಂಡ ಬಿಟ್ಟರು, ನಾನು ಬಿಟ್ಟೆ. ಇಷ್ಟು ಜನ ಒಟ್ಟಿಗೆ ಕೈ ಬಿಟ್ಟದ್ದನ್ನು ನೋಡಿ ಹೊರಗಿನವರೂ ಗಾಬರಿಯಲ್ಲಿ ಬಿಟ್ಟರು. ಆ ಭಾರದ ಬಲೆ, ಹಿಂದೆ ಹೋಗುವ ತೆರೆ, ಎಲ್ಲವೂ ಬಂದು ಬಿದ್ದದ್ದು ಒಂದು ಮಣಿಕಟ್ಟಿನ ಮೇಲೆ. ಹುಡುಗ ಮಲಗಿದ ಹಾಗೆ ಬಿದ್ದ, ನೀರು ಅವನನ್ನು ಒಳಗೆ ಎಳೆದುಕೊಂಡಿತು.

ಅಣ್ಣಯ್ಯ ದಿಬ್ಬದಿಂದ ಇಳಿದು ಓಡಿದ. ಸೊಂಟದಲ್ಲಿ ಯಾವಾಗಲೂ ಇರುವ ಚೂರಿಯನ್ನು ಓಡುತ್ತಲೇ ಎಳೆದ. ಎದೆಯ ತನಕ ನೀರಿಗೆ ಹೋಗಿ, ಒಂದು ಕೈಯಲ್ಲಿ ಹುಡುಗನ ಅಂಗಿ ಹಿಡಿದು, ಅವನ ಕೈಯಿಂದ ಆಚೆ, ಕಡಲಿನ ಕಡೆಯ ಹಗ್ಗವನ್ನು ಕಡಿದ. ದಪ್ಪ ಹಗ್ಗ, ಮೂರು ನಾಲ್ಕು ಸಲ ಹಾಕಬೇಕಾಯಿತು. ಹಗ್ಗ ತುಂಡಾದದ್ದೇ ಬಲೆಯ ಆ ಬದಿ ಪೂರ್ತಿ ತೆರೆಯಿತು. ಬಂಗುಡೆ ಹೊರಗೆ ಹೋಗುವುದು ದಡದಿಂದಲೇ ಕಾಣಿಸುತ್ತಿತ್ತು, ನೀರು ಬೆಳ್ಳಗೆ ಮಿಂಚುತ್ತ ಹೋಯಿತು. ಬಲೆ ತೆಂಕಣ ಬದಿಯ ಬಂಡೆಗೆ ಹೋಗಿ ಹರಿಯಿತು. ಅದನ್ನು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹುಡುಗನನ್ನು ಮರಳಿಗೆ ತಂದು ಮಲಗಿಸಿದೆವು. ಉಸಿರು ಇತ್ತು, ಮಣಿಕಟ್ಟು ಮುರಿದಿತ್ತು. ಅಣ್ಣಯ್ಯ ಅವನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕೂತಿದ್ದ. ಅತ್ತಿಗೆ ಓಡಿ ಹೋಗಿ ನಾಲಿಗೆಯಡಿಗೆ ಇಡುವ ಮಾತ್ರೆ ತಂದಳು. ಹುಡುಗನನ್ನು ರೂಮಿನವನ ಕಾರಿನಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋದರು.

ಮರುದಿನ ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಒಬ್ಬ ತಾಯಿ ಬಂದಳು. ಈ ಸಲ ನಗಲಿಲ್ಲ. ಫೋನು ಕೊಟ್ಟು ಆಚೆ ತಿರುಗಿ ನಿಂತಳು. ಹತ್ತೋ ಹನ್ನೊಂದೋ ಸೆಕೆಂಡಿನ ವಿಡಿಯೋ. ಬಿದ್ದಿರುವ ಹುಡುಗ, ಚೂರಿ ಹಿಡಿದು ಅವನ ಕಡೆ ಕೂಗುತ್ತ ಓಡುವ ಅಣ್ಣಯ್ಯ, ಅವನ ಕೈ ಮೇಲೆದ್ದದ್ದು. ಅಲ್ಲಿಗೆ ನಿಲ್ಲುತ್ತದೆ. ಹಗ್ಗ ಕಡಿದದ್ದು ಇಲ್ಲ, ಎತ್ತಿಕೊಂಡು ಬಂದದ್ದು ಇಲ್ಲ. ಪ್ರವಾಸಿಗರ ಮೇಲೆ ಚೂರಿ ಹಿಡಿದು ಬಂದ ಸ್ಥಳೀಯ ಮೀನುಗಾರ ಎಂದು ಕೆಳಗೆ ಬರೆದಿತ್ತು. ಅದರ ಕೆಳಗೆ ಜನ ಬರೆದದ್ದನ್ನು ಓದಲು ಹೋಗಬಾರದಿತ್ತು, ಓದಿದೆ. ನಮ್ಮ ಅಣ್ಣಯ್ಯನನ್ನು ಏನೇನು ಅಂದಿದ್ದರು. ಕಡಲು ಇವರಪ್ಪನದ್ದಾ ಎಂದೂ ಒಬ್ಬ ಕೇಳಿದ್ದ.

ನಾನು ಅಂದೇ ಕೂತು ಉತ್ತರ ಬರೆದೆ. ನಡೆದದ್ದು ಹೀಗೆ ಎಂದು ಉದ್ದಕ್ಕೆ ಬರೆದೆ. ನಾಲ್ಕು ಜನ ನಂಬಿದರು, ನಲವತ್ತು ಜನ ನನ್ನನ್ನೂ ಬೈದರು. ಹುಡುಗನ ಗೆಳೆಯರ ಹತ್ತಿರ ಪೂರ್ತಿ ವಿಡಿಯೋ ಇರಬಹುದೆಂದು ರೂಮಿನವನ ಮೂಲಕ ಕೇಳಿಸಿದೆ. ಡಿಲೀಟ್ ಆಗಿದೆ ಎಂದರಂತೆ. ಆಸ್ಪತ್ರೆಯಲ್ಲಿ ಹುಡುಗನನ್ನು ನೋಡಿ ಬರುತ್ತೇನೆಂದು ಹಣ್ಣು ಹಿಡಿದು ಹೋದೆ. ಅಷ್ಟರಲ್ಲಿ ಅವನ ಮನೆಯವರು ಬಂದು ಊರಿಗೆ ಕರೆದುಕೊಂಡು ಹೋಗಿದ್ದರು. ಹಣ್ಣಿನ ಚೀಲ ಹಿಡಿದು ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ನನ್ನ ಕೈಯಲ್ಲಿ ಆಗುವುದು ಏನೂ ಇಲ್ಲ ಎಂದು ನನಗೆ ಅರ್ಥವಾಯಿತು.

ಮೂರನೆಯ ದಿನ ಠಾಣೆಯಿಂದ ಕರೆ ಬಂತು. ನಾನು, ಅಣ್ಣಯ್ಯ, ರೂಮಿನವ ಹೋದೆವು. ಅಧಿಕಾರಿ ಒಳ್ಳೆಯ ಮನುಷ್ಯ, ಘಟ್ಟದ ಮೇಲಿನವರು. ಅಣ್ಣಯ್ಯನಿಗೆ ಕುರ್ಚಿ ಹಾಕಿಸಿದರು.

'ಯಜಮಾನರೇ, ನಿಮ್ಮ ತಪ್ಪಿಲ್ಲ ಅಂತ ನನಗೆ ಗೊತ್ತು. ಹುಡುಗನನ್ನು ಉಳಿಸಿದ್ದು ನೀವೇ ಅಂತಲೂ ವಿಚಾರಿಸಿ ತಿಳಿದುಕೊಂಡಿದ್ದೇನೆ. ಆದರೆ ವಿಡಿಯೋ ಮೇಲಿನ ತನಕ ಹೋಗಿದೆ' ಎಂದರು. 'ದೂರು ದಾಖಲಾದರೆ ಬಲೆ, ದೋಣಿ, ಚೂರಿ ಎಲ್ಲ ಇಲ್ಲಿಗೆ ಬರಬೇಕಾಗುತ್ತದೆ. ಎಷ್ಟು ವರ್ಷ ಅಂತ ನಾನು ಹೇಳಲಾರೆ. ಹುಡುಗನ ಮನೆಯವರು ಒಂದು ಮಾತು ಹೇಳಿದ್ದಾರೆ. ನೀವು ಕ್ಷಮೆ ಕೇಳಿ ಒಂದು ವಿಡಿಯೋ ಹಾಕಿದರೆ ದೂರು ಕೊಡುವುದಿಲ್ಲವಂತೆ.'

'ಜೀವ ಉಳಿಸಿದ್ದಕ್ಕೆ ಕ್ಷಮೆ ಕೇಳಬೇಕಾ ಸಾರ್?' ಎಂದೆ. ನನ್ನ ಧ್ವನಿ ಏರಿತ್ತು, ಹೊರಗೆ ಕೂತವರು ಬಗ್ಗಿ ನೋಡಿದರು.

ಅವರು ಮೇಜಿನ ಮೇಲಿನ ಪೆನ್ನನ್ನು ಆಚೆ ಈಚೆ ಇಟ್ಟರು. ಅಣ್ಣಯ್ಯ ನನ್ನ ಕೈ ಮುಟ್ಟಿ, 'ನೀ ಸುಮ್ನಿರ್' ಎಂದ. ಆಮೇಲೆ ಅವರ ಕಡೆ ತಿರುಗಿ, 'ಬಲೆ ಇಳ್ಸುಕೆ ಬಿಡ್ತ್ರಾ?' ಎಂದು ಕೇಳಿದ.

ಶನಿವಾರ, ಭಾನುವಾರ, ರಜಾದಿನ ಬೇಡ, ಉಳಿದ ದಿನ ಯಾರೂ ತಡೆಯುವುದಿಲ್ಲ ಎಂದರು. ಅಣ್ಣಯ್ಯ ಆಗಲಿ ಎಂದು ತಲೆಯಾಡಿಸಿದ. ಬಂಗುಡೆಗೆ ವಾರ ತಿಥಿ ಗೊತ್ತುಂಟೋ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಕೂತೆ.

ಕ್ಷಮೆಯನ್ನು ಬರೆಯುವ ಕೆಲಸ ನನಗೇ ಬಂತು. ಕೇರಿಯಲ್ಲಿ ಶುದ್ಧ ಕನ್ನಡ ಬರೆಯುವವಳು ನಾನಲ್ಲವೇ. ತವರಿನ ಚಿಟ್ಟೆಯ ಮೇಲೆ ಕೂತು ಅಂಗನವಾಡಿಯ ಹಳೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಹುಡುಗನನ್ನು ಉಳಿಸಲು ಹಗ್ಗ ಕಡಿಯಬೇಕಾಯಿತು, ಅದನ್ನು ನೋಡಿ ಯಾರಿಗಾದರೂ ಹೆದರಿಕೆಯಾಗಿದ್ದರೆ ಕ್ಷಮಿಸಿ ಎಂದು ಬರೆದಿದ್ದೆ. ರೂಮಿನವ ಓದಿ ತಲೆ ಅಲ್ಲಾಡಿಸಿದ.

'ಅಕ್ಕ, ಇದ್ ಕ್ಷಮೆ ಆತಿಲ್ಲೆ, ವಾದ ಆತ್ತ್. ಅವ್ರ್ ಒಪ್ಪುದಿಲ್ಲೆ. ಚೂರಿ ತೋರ್ಸಿದ್ದ್ ತಪ್ಪ್ ಅಂತ ಬರೀಕ್' ಎಂದ. ಅವನ ಮೂರು ರೂಮೂ ಆ ವಾರ ಖಾಲಿ ಬಿದ್ದಿದ್ದವು. ಅವನ ಮುಖ ನೋಡಿದರೆ ಅವನಿಗೂ ನಾಚಿಕೆಯಾಗುತ್ತಿದೆ ಎಂದು ಗೊತ್ತಾಗುತ್ತಿತ್ತು. ಬೈಯಲೂ ಆಗಲಿಲ್ಲ.

ಆಗ ಅಣ್ಣಯ್ಯ ಮಾತಾಡಿದ. 'ಹೆಣೆ, ನಾ ಬಿಡಿ ಅಂದದ್ ತಪ್ಪಾಯ್ತ್ ಅಂತ ಹೇಳ್ಲಾ? ಅದ್ ನಿಜ ಅಲ್ದಾ. ನಾ ಕೂಗಿದ್ದಕ್ಕೇ ನೀವೆಲ್ಲ ಬಿಟ್ಟದ್, ಆ ಗಂಡಿನ ಕೈ ಮುರ್ದದ್. ಮೂರ್ ದಿನದಿಂದ ನಂಗ್ ಅದೇ ಕಣ್ಣೆದ್ರ್ ಬತ್ತ್.'

ನಾನು ರೂಮಿನವನ ಮುಖ ನೋಡಿದೆ. 'ಅದೆಲ್ಲ ಅವ್ರಿಗ್ ಅರ್ಥ ಆತಿಲ್ಲೆ ಅಣ್ಣ. ಕೇಂಡ್ರೆ ಇನ್ನೂ ತೊಂದ್ರೆ' ಎಂದ ಅವನು. ಸರಿಯಾಗಿಯೇ ಹೇಳಿದ್ದ. ಬಿಡಿ ಎಂದು ಕೂಗಿದರೆ ಯಾಕೆ ಕೈ ಮುರಿಯುತ್ತದೆ ಎಂದು ಕಡಲು ಕಾಣದವರಿಗೆ ಎಷ್ಟು ಸೆಕೆಂಡಿನಲ್ಲಿ ಹೇಳಲು ಸಾಧ್ಯ? ಅಣ್ಣಯ್ಯನಿಗೆ ನಿಜವಾಗಿ ನೋವಾಗಿದ್ದ ಒಂದೇ ಒಂದು ತಪ್ಪನ್ನು ಹೇಳಬೇಡ ಎಂದು ನಾನೇ ಅವನಿಗೆ ಹೇಳಿದೆ. ಹಾಳೆ ಹರಿದು ಇನ್ನೊಂದು ಬರೆದೆ.

ಮನೆಯ ಹಿಂದೆ, ಕಡಲು ಕಾಣುವಲ್ಲಿ ನಿಲ್ಲಿಸಿದರೆ ಒಳ್ಳೆಯದು ಎಂದು ರೂಮಿನವ ಹೇಳಿದ. ಅಣ್ಣಯ್ಯ ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದು ನಿಂತ. ಫೋನು ಹಿಡಿದವಳು ನಾನು. ಓದಿ ಹೇಳಲು ಅವನಿಗೆ ಕಣ್ಣು ಸಾಲದು. ಹಾಗಾಗಿ ಮಕ್ಕಳಿಗೆ ಪದ್ಯ ಹೇಳಿಕೊಡುವ ಹಾಗೆ ನಾನು ಒಂದೊಂದೇ ಸಾಲು ಮೆಲ್ಲಗೆ ಹೇಳುವುದು, ಅವನು ಗಟ್ಟಿಯಾಗಿ ಹೇಳುವುದು ಎಂದಾಯಿತು. ಬೇಕಾದರೆ ನನ್ನ ಧ್ವನಿ ತೆಗೆದುಹಾಕಬಹುದಂತೆ.

'ನಾನು ಒಬ್ಬ ಮೀನುಗಾರ' ಎಂದೆ. 'ನಾನು ಒಬ್ಬ ಮೀನುಗಾರ' ಎಂದ ಅಣ್ಣಯ್ಯ. 'ನಮ್ಮ ಊರಿಗೆ ಬಂದ ಅತಿಥಿಗಳಿಗೆ ಚೂರಿ ತೋರಿಸಿದ್ದು ನನ್ನ ತಪ್ಪು' ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಅದನ್ನೂ ಹೇಳಿದ. 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಎಲ್ಲರೂ ನನ್ನನ್ನು ಕ್ಷಮಿಸಬೇಕು.' ಅದನ್ನೂ ಹೇಳಿದ.

ರೂಮಿನವ ಕೇಳಿ ನೋಡಿದ. ತೆರೆಯ ಸದ್ದು ಜಾಸ್ತಿಯಾಗಿ ಮಾತು ಕೇಳಿಸುವುದಿಲ್ಲ ಎಂದ. ಇನ್ನೊಮ್ಮೆ ತೆಗೆದೆವು. ಅದರಲ್ಲಿ ಅಣ್ಣಯ್ಯ ಅತಿಥಿ ಎಂಬಲ್ಲಿ ತಡವರಿಸಿ, 'ಸಮಾ ಬಂತಾ ಹೆಣೆ?' ಎಂದು ನನ್ನನ್ನೇ ಕೇಳಿಬಿಟ್ಟ. ಅದೂ ಆಗಲಿಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು.

ಮೂರನೆಯ ಸಲ ನಾನು ಹೇಳಿಕೊಡಬೇಕಾಗಲಿಲ್ಲ. ಅಷ್ಟೂ ಸಾಲು ಅವನಿಗೆ ಬಾಯಿಗೆ ಬಂದಿತ್ತು.